ಪ್ಲಾಸ್ಟಿಕ್ ಬಿಡಿಭಾಗಗಳ ತಯಾರಿಕೆ: ಮಷಿನಿಂಗ್ ಲಾಭದಾಯಕವಾಗುವುದು ಯಾವಾಗ?

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದ ಉದ್ಯಮಗಳು ಬಹುಮಟ್ಟಿಗೆ ಕೃಷಿಯನ್ನೇ ಆಧರಿಸಿವೆ. ಸಕ್ಕರೆ ಕಾರ್ಖಾನೆಗಳು, ಬೇಳೆ ಗಿರಣಿಗಳು, ಎಣ್ಣೆ ಗಿರಣಿಗಳು, ಒಣದ್ರಾಕ್ಷಿ ಸ್ವಚ್ಛಗೊಳಿಸುವ ಘಟಕಗಳು ಮತ್ತು ಭೌಗೋಳಿಕ ಸೂಚಿ ಮಾನ್ಯತೆ ಪಡೆದಿರುವ ಇಂಡಿ ಲಿಂಬೆಯ ವಿಂಗಡಣೆ ಕೇಂದ್ರಗಳು ಇದಕ್ಕೆ ನಿದರ್ಶನಗಳಾಗಿವೆ. ಇವುಗಳೊಂದಿಗೆ ಕೂಡಗಿಯಲ್ಲಿ 2,400 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಸ್ಥಾವರವೂ ಇದೆ. ಇಂತಹ ಎಲ್ಲ ಘಟಕಗಳ ಯಂತ್ರಗಳಲ್ಲಿ ಸವೆದು ಬದಲಾಯಿಸಬೇಕಾಗುವ ಬುಶ್, ರೋಲರ್, ಗೇರ್, ವಾಷರ್, ಸರಪಳಿ ಜಾರುವ ಪಟ್ಟಿ ಮೊದಲಾದ ಭಾಗಗಳಿರುತ್ತವೆ. ಹಿಂದೆ ಕಂಚು ಅಥವಾ ಬೀಡಿನಿಂದ ಮಾಡುತ್ತಿದ್ದ ಇಂತಹ ಅನೇಕ ಭಾಗಗಳನ್ನು ಇಂದು ನೈಲಾನ್, ಅಸಿಟಾಲ್ ಮುಂತಾದ ಇಂಜಿನಿಯರಿಂಗ್ ಪ್ಲಾಸ್ಟಿಕ್‌ಗಳಿಂದ ತಯಾರಿಸಲಾಗುತ್ತಿದೆ.

ಈ ಭಾಗಗಳನ್ನು ಪೂರೈಸಲು ಮುಂದಾಗುವ ಸಣ್ಣ ಉದ್ಯಮಿಯ ಎದುರು ಮೊದಲು ನಿಲ್ಲುವ ಪ್ರಶ್ನೆ ಒಂದೇ. ಪ್ಲಾಸ್ಟಿಕ್ ಸರಳು ಅಥವಾ ಹಾಳೆಯನ್ನು ತಂದು ಲೇತ್, ಮಿಲ್ಲಿಂಗ್ ಯಂತ್ರಗಳಲ್ಲಿ ಕತ್ತರಿಸಿ ಮಾಡಬೇಕೇ, ಅಥವಾ ಅಚ್ಚು ಮಾಡಿಸಿ ಕರಗಿದ ಪ್ಲಾಸ್ಟಿಕನ್ನು ಅದರೊಳಗೆ ಒತ್ತಿ ತೆಗೆಯಬೇಕೇ? ಮೊದಲನೆಯದು ಮಷಿನಿಂಗ್, ಎರಡನೆಯದು ಇಂಜೆಕ್ಷನ್ ಮೋಲ್ಡಿಂಗ್. ಒಂದು ನಗದ ಬೆಲೆಯನ್ನಷ್ಟೇ ಹೋಲಿಸಿ ನೋಡಿದರೆ ಮೋಲ್ಡಿಂಗ್ ಬಹಳ ಅಗ್ಗವೆಂದು ಕಾಣುತ್ತದೆ. ಆ ಅಗ್ಗದ ಬೆಲೆಯನ್ನು ನಂಬಿ ಸಾಲ ಮಾಡಿ ಅಚ್ಚು ಮಾಡಿಸಿದವರು, ನಿರೀಕ್ಷಿಸಿದಷ್ಟು ಬೇಡಿಕೆ ಬಾರದೆ ಹೋದಾಗ ಕಂತು ಕಟ್ಟುವುದೇ ಕಷ್ಟವಾಗುವ ಸ್ಥಿತಿಗೆ ತಲುಪುತ್ತಾರೆ. ಆದ್ದರಿಂದ ಈ ಆಯ್ಕೆಯನ್ನು ಲೆಕ್ಕಾಚಾರದ ಆಧಾರದ ಮೇಲೆ ಮಾಡುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಎರಡು ವಿಧಾನಗಳ ವೆಚ್ಚದ ಸ್ವರೂಪ

ಮೋಲ್ಡಿಂಗ್ ವಿಧಾನದಲ್ಲಿ ಸ್ಥಿರ ವೆಚ್ಚ ಹೆಚ್ಚು, ಚರ ವೆಚ್ಚ ಕಡಿಮೆ. ಕಾರ್ಖಾನೆಗಳಲ್ಲಿ ಡೈ ಎಂದು ಕರೆಯಲಾಗುವ ಉಕ್ಕಿನ ಅಚ್ಚಿಗೆ ಮೊದಲೇ ಹಣ ಹಾಕಬೇಕು. ಒಂದು ನಗ ಮಾಡಿದರೂ ಹತ್ತು ಸಾವಿರ ನಗ ಮಾಡಿದರೂ ಆ ಹಣ ಅಷ್ಟೇ. ಅಚ್ಚು ಸಿದ್ಧವಾದ ನಂತರ ಪ್ರತಿ ನಗಕ್ಕೆ ತಗಲುವುದು ಕೆಲವು ಗ್ರಾಂ ಕಚ್ಚಾ ಸರಕು ಮತ್ತು ಕೆಲವೇ ಕ್ಷಣಗಳ ಯಂತ್ರದ ಸಮಯ ಮಾತ್ರ.

ಮಷಿನಿಂಗ್ ವಿಧಾನದ ಸ್ವರೂಪ ಇದಕ್ಕೆ ವಿರುದ್ಧವಾದುದು. ಇಲ್ಲಿ ಅಚ್ಚಿನ ಅಗತ್ಯವಿಲ್ಲ. ನಕ್ಷೆ, ಸರಳು ಮತ್ತು ನುರಿತ ಟರ್ನರ್ ಇದ್ದರೆ ಬೇಡಿಕೆ ಬಂದ ದಿನವೇ ಕೆಲಸ ಆರಂಭಿಸಬಹುದು. ಆದರೆ ಪ್ರತಿ ನಗಕ್ಕೂ ಅಷ್ಟೇ ನಿಮಿಷಗಳ ಕೆಲಸ ಬೇಕು. ಕತ್ತರಿಸಿ ಬಿದ್ದ ಚೂರಿನ ಬೆಲೆಯನ್ನೂ ಆ ನಗವೇ ಹೊರಬೇಕು. ಸಂಖ್ಯೆ ಹೆಚ್ಚಿದರೂ ನಗದ ವೆಚ್ಚ ಹೆಚ್ಚೇನೂ ಇಳಿಯುವುದಿಲ್ಲ.

ಹೀಗಾಗಿ ಎರಡರಲ್ಲಿ ಯಾವುದು ಮೇಲೆಂಬ ಪ್ರಶ್ನೆಗೆ ಸಾರ್ವತ್ರಿಕ ಉತ್ತರವಿಲ್ಲ. ಎಷ್ಟು ನಗಗಳು ಖಚಿತವಾಗಿ ಮಾರಾಟವಾಗುತ್ತವೆ ಎಂಬುದೇ ಉತ್ತರವನ್ನು ನಿರ್ಧರಿಸುತ್ತದೆ. ಎರಡೂ ವಿಧಾನಗಳ ಒಟ್ಟು ವೆಚ್ಚ ಸಮನಾಗುವ ಸಂಖ್ಯೆಯನ್ನು ಸಮತೋಲನ ಬಿಂದು ಎನ್ನಬಹುದು. ಅಚ್ಚಿನ ಬೆಲೆಯನ್ನು ಎರಡು ವಿಧಾನಗಳ ಪ್ರತಿ ನಗದ ವೆಚ್ಚದ ವ್ಯತ್ಯಾಸದಿಂದ ಭಾಗಿಸಿದರೆ ಈ ಸಂಖ್ಯೆ ದೊರೆಯುತ್ತದೆ.

ಒಂದು ಉದಾಹರಣೆ

ಹೊರವ್ಯಾಸ 60 ಮಿ.ಮೀ., ಒಳವ್ಯಾಸ 52 ಮಿ.ಮೀ., ಉದ್ದ 40 ಮಿ.ಮೀ. ಇರುವ ನೈಲಾನ್ ಬುಶ್ ಒಂದನ್ನು ಪರಿಗಣಿಸೋಣ. ಕೆಳಗಿನ ದರಗಳು ಲೆಕ್ಕವನ್ನು ತಿಳಿಸಲು ಊಹಿಸಿಕೊಂಡವು. ಪ್ರತಿಯೊಬ್ಬ ಉದ್ಯಮಿಯೂ ತನಗೆ ದೊರೆತ ದರಪಟ್ಟಿಯ ಅಂಕಿಗಳನ್ನು ಇವುಗಳ ಸ್ಥಾನದಲ್ಲಿ ಇಟ್ಟುಕೊಳ್ಳಬೇಕು.

ನೈಲಾನಿನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.15 ಗ್ರಾಂ. 65 ಮಿ.ಮೀ. ವ್ಯಾಸದ ಗಟ್ಟಿ ಸರಳಿನಿಂದ, ಕತ್ತರಿಸುವ ಅಂಚು ಸೇರಿ 43 ಮಿ.ಮೀ. ಉದ್ದದ ತುಂಡು ತೆಗೆದರೆ ಅದರ ತೂಕ ಸುಮಾರು 164 ಗ್ರಾಂ. ಸಿದ್ಧವಾದ ಬುಶ್ಶಿನ ತೂಕ ಸುಮಾರು 32 ಗ್ರಾಂ ಮಾತ್ರ. ಅಂದರೆ ಕೊಂಡ ಸರಕಿನ ಐದು ಪಾಲಿನಲ್ಲಿ ನಾಲ್ಕು ಪಾಲು ಚೂರಾಗಿ ನೆಲಕ್ಕೆ ಬೀಳುತ್ತದೆ. ಸರಳಿನ ದರ ಕಿಲೋಗ್ರಾಂಗೆ ರೂ. 400 ಎಂದಿಟ್ಟುಕೊಂಡರೆ ಸರಕಿನ ವೆಚ್ಚ ರೂ. 66. ಲೇತಿನ ಸಮಯ 12 ನಿಮಿಷ, ಗಂಟೆಗೆ ರೂ. 400ರಂತೆ ರೂ. 80. ಪರೀಕ್ಷೆ ಮತ್ತು ಪ್ಯಾಕಿಂಗ್‌ಗೆ ರೂ. 14. ಒಟ್ಟು ಪ್ರತಿ ನಗಕ್ಕೆ ರೂ. 160.

ಇದೇ ಬುಶ್ಶನ್ನು ಮೋಲ್ಡಿಂಗ್ ಮಾಡಿಸಿದರೆ ಅಚ್ಚಿಗೆ ರೂ. 3,00,000, ಪ್ರತಿ ನಗಕ್ಕೆ ಹರಳಿನ ಬೆಲೆ ರೂ. 9, ಮೋಲ್ಡಿಂಗ್ ಕೂಲಿ ರೂ. 20, ಪರೀಕ್ಷೆ ಹಾಗೂ ಇತರೆ ರೂ. 11, ಒಟ್ಟು ರೂ. 40 ಎಂದಿಟ್ಟುಕೊಳ್ಳೋಣ.

ನಗವೊಂದಕ್ಕೆ ವ್ಯತ್ಯಾಸ ರೂ. 120. ರೂ. 3,00,000ವನ್ನು 120ರಿಂದ ಭಾಗಿಸಿದರೆ 2,500 ದೊರೆಯುತ್ತದೆ. 2,500 ನಗಗಳಿಗಿಂತ ಕಡಿಮೆ ಮಾರಾಟವಾಗುವುದಾದರೆ, ನಗಕ್ಕೆ ನಾಲ್ಕು ಪಟ್ಟು ದುಬಾರಿಯಾಗಿ ಕಂಡ ಮಷಿನಿಂಗ್ ವಿಧಾನವೇ ವಾಸ್ತವದಲ್ಲಿ ಅಗ್ಗ. ವರ್ಷಕ್ಕೆ 600ರಂತೆ ಮೂರು ವರ್ಷ ಪೂರೈಸಿದರೆ ಒಟ್ಟು 1,800 ನಗ. ಮಷಿನಿಂಗ್ ವೆಚ್ಚ ರೂ. 2,88,000, ಮೋಲ್ಡಿಂಗ್ ವೆಚ್ಚ ಅಚ್ಚು ಸೇರಿ ರೂ. 3,72,000. ಅಚ್ಚು ಮಾಡಿಸಿದ ಉದ್ಯಮಿಗೆ ರೂ. 84,000 ಹೆಚ್ಚು ವೆಚ್ಚವಾಗುತ್ತದೆ.

ಲೆಕ್ಕದಲ್ಲಿ ಬಿಟ್ಟುಹೋಗುವ ಎರಡು ಅಂಶಗಳು

ಮೊದಲನೆಯದು ಬಡ್ಡಿ. ಅಚ್ಚಿನ ಹಣ ಮೊದಲ ದಿನವೇ ಕೈಬಿಡುತ್ತದೆ. ಅದು ಮರಳುವುದು ನಗಗಳು ಮಾರಾಟವಾದಂತೆ. ರೂ. 3,00,000ವನ್ನು ಶೇ. 12ರ ಸರಳ ಬಡ್ಡಿಯಲ್ಲಿ ತಂದು ಮೂರು ವರ್ಷದ ಕೊನೆಗೆ ತೀರಿಸುವುದಾದರೆ ಬಡ್ಡಿಯೇ ರೂ. 1,08,000. ಅಚ್ಚಿನ ನಿಜವಾದ ವೆಚ್ಚ ರೂ. 4,08,000 ಆಗುತ್ತದೆ, ಸಮತೋಲನ ಬಿಂದು 2,500ರಿಂದ 3,400ಕ್ಕೆ ಏರುತ್ತದೆ. ಸ್ವಂತ ಹಣ ಹಾಕಿದವರೂ ಈ ಲೆಕ್ಕವನ್ನು ಬಿಡುವಂತಿಲ್ಲ. ಆ ಹಣ ಬೇರೆಡೆ ತರಬಹುದಾಗಿದ್ದ ಆದಾಯವೇ ಅದರ ಬಡ್ಡಿ.

ಎರಡನೆಯದು ಕಚ್ಚಾ ಸರಕಿನ ರೂಪ. ಎರಕದ ನೈಲಾನ್ ಗಟ್ಟಿ ಸರಳಿನಲ್ಲಿ ಮಾತ್ರವಲ್ಲದೆ ಟೊಳ್ಳು ಸರಳಿನಲ್ಲಿಯೂ ದೊರೆಯುತ್ತದೆ. 65 ಮಿ.ಮೀ. ಹೊರವ್ಯಾಸ, 45 ಮಿ.ಮೀ. ಒಳವ್ಯಾಸದ ಟೊಳ್ಳು ಸರಳು ಬಳಸಿದರೆ ತುಂಡಿನ ತೂಕ 164 ಗ್ರಾಂನಿಂದ ಸುಮಾರು 85 ಗ್ರಾಂಗೆ ಇಳಿಯುತ್ತದೆ. ಸರಕಿನ ವೆಚ್ಚ ರೂ. 66ರ ಬದಲು ರೂ. 34, ನಗದ ಒಟ್ಟು ವೆಚ್ಚ ರೂ. 128. ಮೋಲ್ಡಿಂಗ್‌ನೊಂದಿಗಿನ ವ್ಯತ್ಯಾಸ ರೂ. 88ಕ್ಕೆ ಇಳಿಯುವುದರಿಂದ, ಬಡ್ಡಿಯನ್ನೂ ಸೇರಿಸಿದಾಗ ಸಮತೋಲನ ಬಿಂದು ಸುಮಾರು 4,640 ನಗಗಳಿಗೆ ಏರುತ್ತದೆ. ಸರಳು ಕೊಳ್ಳುವಾಗ ತೋರುವ ಎಚ್ಚರ ಯಂತ್ರ ಕೊಳ್ಳುವಾಗಿನ ಎಚ್ಚರದಷ್ಟೇ ಮುಖ್ಯವೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಅದೇ ಬುಶ್ಶಿಗೆ ವರ್ಷಕ್ಕೆ 2,000ದಂತೆ ಮೂರು ವರ್ಷಗಳ ಲಿಖಿತ ಬೇಡಿಕೆ ಇದ್ದರೆ ಚಿತ್ರ ಬದಲಾಗುತ್ತದೆ. 6,000 ನಗಗಳಿಗೆ ಟೊಳ್ಳು ಸರಳಿನ ಮಷಿನಿಂಗ್ ವೆಚ್ಚ ರೂ. 7,68,000, ಅಚ್ಚು ಮತ್ತು ಬಡ್ಡಿ ಸೇರಿ ಮೋಲ್ಡಿಂಗ್ ವೆಚ್ಚ ರೂ. 6,48,000. ಇಲ್ಲಿ ಅಚ್ಚು ಮಾಡಿಸುವುದೇ ಯುಕ್ತ. 'ಲಿಖಿತ ಬೇಡಿಕೆ' ಎಂಬ ಮಾತನ್ನು ಒತ್ತಿ ಹೇಳಬೇಕು. ಬಾಯಿಮಾತಿನ ಭರವಸೆಯ ಮೇಲೆ ಮಾಡಿಸಿದ ಅಚ್ಚು ಆ ಒಂದು ನಗಕ್ಕೆ ಬಿಟ್ಟು ಬೇರಾವುದಕ್ಕೂ ಉಪಯೋಗಕ್ಕೆ ಬಾರದು. ಗಿರಾಕಿ ಯಂತ್ರ ಬದಲಾಯಿಸಿದರೆ ಅದಕ್ಕೆ ಉಳಿಯುವುದು ಗುಜರಿ ಉಕ್ಕಿನ ಬೆಲೆ ಮಾತ್ರ. ಲೇತ್ ಯಂತ್ರವಾದರೋ ನಾಳೆ ಬೇರೊಬ್ಬ ಗಿರಾಕಿಯ ಕೆಲಸಕ್ಕೆ ತಿರುಗುತ್ತದೆ.

ಈ ಭಾಗದ ಬೇಡಿಕೆಯ ಲಕ್ಷಣ

ನಾಲ್ಕೂ ತಾಲ್ಲೂಕುಗಳ ಘಟಕಗಳಿಂದ ಬರುವ ಬೇಡಿಕೆಯಲ್ಲಿ ಮೂರು ಲಕ್ಷಣಗಳನ್ನು ಗುರುತಿಸಬಹುದು. ಮೊದಲನೆಯದಾಗಿ, ಒಂದೊಂದು ಕಾರ್ಖಾನೆಯ ಯಂತ್ರ ಒಂದೊಂದು ತಯಾರಕರದು. ಒಂದರ ಬುಶ್ ಇನ್ನೊಂದಕ್ಕೆ ಹೊಂದುವುದಿಲ್ಲ. ಒಟ್ಟು ಬೇಡಿಕೆ ದೊಡ್ಡದಾಗಿದ್ದರೂ ಒಂದೇ ಅಳತೆಯ ನಗಗಳ ಬೇಡಿಕೆ ಹತ್ತಾರು ಅಥವಾ ನೂರಾರರಲ್ಲಿ ಇರುತ್ತದೆ. ಎರಡನೆಯದಾಗಿ, ಬೇಡಿಕೆ ಹಂಗಾಮಿನದು. ಕಬ್ಬು ನುರಿಸುವ ಹಂಗಾಮಿಗೆ ಮುನ್ನ ದುರಸ್ತಿಯ ತಿಂಗಳುಗಳಲ್ಲಿ ಒಮ್ಮೆಲೇ ಕೆಲಸ ಬರುತ್ತದೆ. ಮೂರನೆಯದಾಗಿ, ಹಂಗಾಮಿನ ನಡುವೆ ಭಾಗ ಮುರಿದರೆ ಗಿರಾಕಿಗೆ ಬೆಲೆಗಿಂತ ಸಮಯವೇ ಮುಖ್ಯ. ಕಬ್ಬಿನ ಗಾಡಿಗಳು ಸಾಲುಗಟ್ಟಿ ನಿಂತಿರುವಾಗ ಮರುದಿನ ಬೆಳಿಗ್ಗೆ ಬುಶ್ ತಲುಪಿಸುವವನಿಗೇ ಮುಂದಿನ ವರ್ಷದ ಕೆಲಸವೂ ದೊರೆಯುತ್ತದೆ. ಈ ಮೂರೂ ಲಕ್ಷಣಗಳು ಮಷಿನಿಂಗ್ ಪರವಾಗಿವೆ.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಹನಿ ನೀರಾವರಿಯ ಬಿಡಿಭಾಗಗಳು. ಕೃಷ್ಣಾ ನದಿಯ ಏತ ನೀರಾವರಿ ಯೋಜನೆಗಳ ಪ್ರದೇಶದಲ್ಲಿಯೂ ದ್ರಾಕ್ಷಿ, ಲಿಂಬೆ ತೋಟಗಳಲ್ಲಿಯೂ ಬಳಕೆಯಾಗುವ ಡ್ರಿಪ್ಪರ್, ಜೋಡಣೆ ತುಂಡುಗಳು ಒಂದೇ ಅಳತೆಯವು, ತೆಳುವಾದವು ಮತ್ತು ಲಕ್ಷಗಟ್ಟಲೆ ಬೇಕಾಗುವಂಥವು. ಇವುಗಳನ್ನು ಲೇತಿನಲ್ಲಿ ಮಾಡಲು ಯೋಚಿಸುವುದೇ ವ್ಯರ್ಥ.

ಸಂಖ್ಯೆಯ ಹೊರತಾಗಿ ಗಮನಿಸಬೇಕಾದವು

ಕೆಲವು ಸಂದರ್ಭಗಳಲ್ಲಿ ಸಂಖ್ಯೆ ಎಷ್ಟೇ ಇದ್ದರೂ ಮಷಿನಿಂಗ್ ಅನಿವಾರ್ಯವಾಗುತ್ತದೆ. ಟೆಫ್ಲಾನ್ ಎಂಬ ಹೆಸರಿನಿಂದ ಪರಿಚಿತವಾದ ಪಿ.ಟಿ.ಎಫ್.ಇ. ಮತ್ತು ಅತ್ಯಧಿಕ ಅಣುತೂಕದ ಪಾಲಿಎಥಿಲೀನ್ ಬಿಸಿ ಮಾಡಿದರೂ ನೀರಿನಂತೆ ಹರಿಯುವುದಿಲ್ಲ. ಸಾಮಾನ್ಯ ಇಂಜೆಕ್ಷನ್ ಯಂತ್ರದಲ್ಲಿ ಇವುಗಳನ್ನು ಅಚ್ಚಿಗೆ ತುಂಬಲಾಗದು. ಇವುಗಳನ್ನು ಒತ್ತಿ ಮಾಡಿದ ಹಾಳೆ, ಸರಳುಗಳಿಂದ ಕತ್ತರಿಸಿಯೇ ನಗ ತೆಗೆಯಬೇಕು. ಸರಪಳಿ ಜಾರುವ ಪಟ್ಟಿಗಳು, ಕಲ್ಲಿದ್ದಲು ಇಳಿಯುವ ಜಾರುಬಂಡೆಗಳ ಒಳಪದರಗಳಿಗೆ ಅತ್ಯಧಿಕ ಅಣುತೂಕದ ಪಾಲಿಎಥಿಲೀನ್ ಹೆಸರುವಾಸಿ. ಆದರೆ ಅದನ್ನು ಸುಮಾರು 80 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಶಾಖವಿರುವಲ್ಲಿ ನಿರಂತರವಾಗಿ ಬಳಸಬಾರದು. ಪಿ.ಟಿ.ಎಫ್.ಇ. ಸುಮಾರು 260 ಡಿಗ್ರಿವರೆಗೆ ತಾಳುತ್ತದೆ.

ದಪ್ಪನೆಯ ನಗಗಳೂ ಮಷಿನಿಂಗ್‌ಗೆ ಸೂಕ್ತ. ಮೋಲ್ಡಿಂಗ್‌ಗೆ ಒಪ್ಪುವುದು ಒಂದೇ ಸಮನಾದ ತೆಳು ಗೋಡೆ. ಗೋಡೆ ಬಹಳ ದಪ್ಪವಾದರೆ ಹೊರಭಾಗ ಮೊದಲು ಗಟ್ಟಿಯಾಗಿ ಒಳಗೆ ಟೊಳ್ಳು ಉಳಿಯುತ್ತದೆ, ಇಲ್ಲವೆ ಮೇಲ್ಮೈ ಕುಗ್ಗುತ್ತದೆ. ನಕ್ಷೆ ಇನ್ನೂ ಅಂತಿಮವಾಗದ ಹೊಸ ಯಂತ್ರಗಳಿಗೂ ಮಷಿನಿಂಗ್ ಮೇಲು. ಲೇತಿನಲ್ಲಿ ಅಳತೆ ಬದಲಾಯಿಸಲು ನಿಮಿಷಗಳು ಸಾಕು, ಅಚ್ಚನ್ನು ತಿದ್ದಲು ವಾರಗಳೂ ಹಣವೂ ಬೇಕು. ತೆಳು ಗೋಡೆ, ಒಳಗೆ ಅಡ್ಡಪಟ್ಟಿ, ಕೊಕ್ಕೆಯಂತೆ ಸಿಕ್ಕಿಕೊಳ್ಳುವ ಅಂಚುಗಳಿರುವ ಜಟಿಲ ಆಕಾರಗಳಿಗೆ ಮಾತ್ರ ಮಷಿನಿಂಗ್ ದುಬಾರಿ.

ಪ್ಲಾಸ್ಟಿಕ್ ಲೋಹವಲ್ಲ

ಉಕ್ಕು ಕತ್ತರಿಸಿ ಪಳಗಿದ ವರ್ಕ್‌ಶಾಪ್‌ಗಳು ಅದೇ ರೀತಿಯಲ್ಲಿ ನೈಲಾನ್ ಕತ್ತರಿಸಲು ಹೋದರೆ ನಗಗಳು ತಿರಸ್ಕೃತವಾಗಿ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಪ್ಲಾಸ್ಟಿಕ್ ಶಾಖವನ್ನು ಲೋಹದಷ್ಟು ಚೆನ್ನಾಗಿ ಸಾಗಿಸುವುದಿಲ್ಲ. ಕತ್ತರಿಸುವಾಗ ಹುಟ್ಟುವ ಬಿಸಿ ಬಹುಮಟ್ಟಿಗೆ ಕತ್ತರಿಸುವ ಜಾಗದಲ್ಲೇ ಉಳಿಯುತ್ತದೆ. ಅಸಿಟಾಲ್ ಸುಮಾರು 170 ಡಿಗ್ರಿಗೆ, ನೈಲಾನ್-6 ಸುಮಾರು 220 ಡಿಗ್ರಿಗೆ ಕರಗುತ್ತದೆ. ಆದ್ದರಿಂದ ಹರಿತವಾದ ಟೂಲ್ ಅತ್ಯಗತ್ಯ. ಉಕ್ಕಿಗೆ ಬಳಸಿ ಮೊಂಡಾದ ಟೂಲನ್ನು ಪ್ಲಾಸ್ಟಿಕ್‌ಗೆ ಬಳಸಬಾರದು. ಚಕ್ಕಿನಲ್ಲಿ ಬಿಗಿಯಾಗಿ ಹಿಡಿದರೆ ತೆಳು ಬುಶ್ ಅಂಡಾಕಾರವಾಗುತ್ತದೆ. ಮೊದಲು ಸ್ವಲ್ಪ ಹೆಚ್ಚಿನ ಅಳತೆಗೆ ಕತ್ತರಿಸಿ, ತಣಿಯಲು ಬಿಟ್ಟು, ಬಳಿಕ ಅಂತಿಮ ಅಳತೆಗೆ ತರುವುದು ಉತ್ತಮ ಕ್ರಮ. ಚೂರುಗಳನ್ನು ಬೆಂಕಿಯಿಂದ ದೂರವಿಡಬೇಕು. ಅಸಿಟಾಲಿನ ಜ್ವಾಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿರುತ್ತದೆ. ಪಿ.ಟಿ.ಎಫ್.ಇ. ಕತ್ತರಿಸುವಲ್ಲಿ ಬೀಡಿ, ಸಿಗರೇಟು ಸೇದುವುದನ್ನು ಕಡ್ಡಾಯವಾಗಿ ನಿಷೇಧಿಸಬೇಕು. ಅದರ ಕಣ ಸುಟ್ಟಾಗ ಬರುವ ಹೊಗೆ ಜ್ವರವನ್ನು ತರುತ್ತದೆ.

ಶಾಖಕ್ಕೆ ಹಿಗ್ಗುವ ಗುಣವೂ ಮುಖ್ಯ. ಒಂದು ಡಿಗ್ರಿ ಶಾಖ ಏರಿದರೆ ಮೀಟರ್ ಉದ್ದದ ಉಕ್ಕು ಸುಮಾರು 0.012 ಮಿ.ಮೀ. ಹಿಗ್ಗಿದರೆ, ನೈಲಾನ್ ಸುಮಾರು 0.08 ಮಿ.ಮೀ. ಹಿಗ್ಗುತ್ತದೆ. 60 ಮಿ.ಮೀ. ಬುಶ್ 25 ಡಿಗ್ರಿ ಹೆಚ್ಚು ಬಿಸಿಯಾದರೆ 0.12 ಮಿ.ಮೀ. ದೊಡ್ಡದಾಗುತ್ತದೆ, ಅದನ್ನು ಹಿಡಿದ ಉಕ್ಕಿನ ಗೂಡು 0.02 ಮಿ.ಮೀ.ನಷ್ಟೂ ಹಿಗ್ಗದು. ಚಳಿಗಾಲದ ಬೆಳಗಿನಲ್ಲಿ ಅಳೆದು ಕಳಿಸಿದ ಬುಶ್ ವಿಜಯಪುರ ಜಿಲ್ಲೆಯ ಬೇಸಿಗೆಯ ಮಧ್ಯಾಹ್ನ ಶಾಫ್ಟನ್ನು ಬಿಗಿಹಿಡಿಯಬಹುದು. ಇದರ ಜೊತೆಗೆ ನೈಲಾನ್ ನೀರನ್ನು ಹೀರುತ್ತದೆ. ನೈಲಾನ್-6 ಪೂರ್ಣ ನೆನೆದಾಗ ತೂಕದ ಸುಮಾರು ಶೇ. 9ರಷ್ಟು ನೀರು ಹೀರಿ ಗಾತ್ರದಲ್ಲಿಯೂ ಹಿಗ್ಗುತ್ತದೆ. ಪಂಪು, ರಸದ ತೊಟ್ಟಿ ಮುಂತಾದ ತೇವದ ಸ್ಥಳಗಳಿಗೆ, ಶೇ. 1ಕ್ಕಿಂತ ಕಡಿಮೆ ನೀರು ಹೀರುವ ಅಸಿಟಾಲನ್ನು ಪರಿಗಣಿಸುವುದು ಲೇಸು.

ಆದ್ದರಿಂದ ಲೋಹದ ನಕ್ಷೆಯಲ್ಲಿನ ಅಳತೆಯ ಬಿಗಿಯನ್ನು ಹಾಗೆಯೇ ನೈಲಾನಿಗೆ ಬರೆಯಬಾರದು. 0.01 ಮಿ.ಮೀ. ನಿಖರತೆಗೆ ಗಿರಾಕಿ ಹೆಚ್ಚಿನ ಹಣ ತೆರುತ್ತಾನೆ. ಹವಾಮಾನದ ಒಂದೇ ಬದಲಾವಣೆ ಆ ನಿಖರತೆಯನ್ನು ನುಂಗಿಹಾಕುತ್ತದೆ. 'ನೈಲಾನ್ ಬುಶ್' ಎಂದಷ್ಟೇ ಬರೆದ ಆದೇಶವೂ ಅಪೂರ್ಣ. ಪ್ಲಾಸ್ಟಿಕಿನ ನಿರ್ದಿಷ್ಟ ಬಗೆ, ಎರಕದ್ದೋ ಎಳೆದದ್ದೋ ಎಂಬುದು, ಕೆಲಸದ ಶಾಖ, ನೀರು, ಆಹಾರ ಅಥವಾ ರಾಸಾಯನಿಕಗಳ ಸಂಪರ್ಕ, ಎಷ್ಟು ಸಡಿಲ ಬೇಕು ಎಂಬ ವಿವರಗಳು ಆದೇಶದಲ್ಲಿ ಇರಲೇಬೇಕು.

ಲೆಕ್ಕಪತ್ರ ಮತ್ತು ಕಾನೂನಿನ ಅಂಶಗಳು

ಅಚ್ಚು ಬಂಡವಾಳ ಆಸ್ತಿ. ಅದರ ಬೆಲೆಯನ್ನು ಒಂದೇ ವರ್ಷದ ಖರ್ಚೆಂದು ಬರೆಯುವಂತಿಲ್ಲ. 1961ರ ಆದಾಯ ತೆರಿಗೆ ಕಾಯ್ದೆಯಡಿಯ ನಿಯಮಗಳು ರಬ್ಬರ್ ಮತ್ತು ಪ್ಲಾಸ್ಟಿಕ್ ಸರಕಿನ ಕಾರ್ಖಾನೆಗಳಲ್ಲಿ ಬಳಸುವ ಅಚ್ಚುಗಳಿಗೆ ಶೇ. 30, ಸಾಮಾನ್ಯ ಯಂತ್ರೋಪಕರಣಗಳಿಗೆ ಶೇ. 15 ಸವಕಳಿ ನಿಗದಿಪಡಿಸಿದ್ದವು. 2025ರ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ, ಆ ನಂತರದ ಖರೀದಿಗಳಿಗೆ ಹೊಸ ನಿಯಮಗಳನ್ನು ನೋಡಿಕೊಳ್ಳಬೇಕು. ಸವಕಳಿಯಿಂದ ತೆರಿಗೆ ಉಳಿಯುವುದು ಲಾಭವಿದ್ದಾಗ ಮಾತ್ರ ಎಂಬುದನ್ನು ಮರೆಯಬಾರದು.

ಅಚ್ಚನ್ನು ದೂರದ ಊರಿನ ಮೋಲ್ಡಿಂಗ್ ಘಟಕದಲ್ಲಿ ಇರಿಸಿ ಜಾಬ್ ವರ್ಕ್ ಮಾಡಿಸುವುದು ರೂಢಿ. ಜಿ.ಎಸ್.ಟಿ. ಕಾಯ್ದೆಯ 143ನೇ ಕಲಮಿನಂತೆ ಜಾಬ್ ವರ್ಕ್‌ಗೆ ಕಳಿಸಿದ ಕಚ್ಚಾ ಸರಕು ಒಂದು ವರ್ಷದೊಳಗೆ, ಬಂಡವಾಳ ಸರಕು ಮೂರು ವರ್ಷದೊಳಗೆ ಮರಳಬೇಕು. ಅಚ್ಚು, ಡೈ, ಜಿಗ್, ಫಿಕ್ಸ್‌ಚರ್ ಮತ್ತು ಟೂಲುಗಳಿಗೆ ಈ ಕಾಲಮಿತಿ ಅನ್ವಯಿಸುವುದಿಲ್ಲ. ಆದರೂ ಚಲನ್ ಇಲ್ಲದೆ ಅಚ್ಚನ್ನು ಕಳಿಸಬಾರದು. ಅಚ್ಚಿನ ಮಾಲೀಕತ್ವವನ್ನು ಕರಾರಿನಲ್ಲಿ ಬರೆಸಿ, ಅಚ್ಚಿನ ಮೇಲೂ ಹೆಸರು ಕೊರೆಸುವುದು ಕ್ಷೇಮ. ಮಷಿನಿಂಗ್‌ಗೆ ಸರಳು ಕಳಿಸುವವರು ಚೂರಿನ ಲೆಕ್ಕವನ್ನೂ ಇಡಬೇಕು. ಬಗೆಬಗೆಯ ಪ್ಲಾಸ್ಟಿಕ್ ಬೆರೆತ ಚೂರಿಗೆ ಬೆಲೆಯಿಲ್ಲ; ಪ್ರತ್ಯೇಕವಾಗಿ ಸಂಗ್ರಹಿಸಿದ ಶುದ್ಧ ಚೂರಿಗೆ ಕೊಳ್ಳುವವರಿದ್ದಾರೆ.

ಕೊನೆಯ ಅಂಶ ಹಣ ವಸೂಲಿ. ದೊಡ್ಡ ಕಾರ್ಖಾನೆಗಳಿಗೆ ಪೂರೈಸುವ ಸಣ್ಣ ಘಟಕ ಅಚ್ಚಿನ ಕಂತು, ಬಾರದ ಬಾಕಿ ಎರಡರ ನಡುವೆ ಸಿಲುಕುವುದುಂಟು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಲಿಖಿತ ಕರಾರಿದ್ದರೆ ಗರಿಷ್ಠ 45 ದಿನ, ಕರಾರಿಲ್ಲದಿದ್ದರೆ 15 ದಿನದೊಳಗೆ ಹಣ ಸಂದಾಯವಾಗಬೇಕು. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿಗೆ ಅವಕಾಶವಿದೆ. ಈ ರಕ್ಷಣೆಗಾಗಿ ಉದ್ಯಮ್ ನೋಂದಣಿಯನ್ನು ಪೂರೈಕೆಗೆ ಮೊದಲೇ ಮಾಡಿಸಿ, ಅದರ ಸಂಖ್ಯೆಯನ್ನು ಪ್ರತಿ ಬಿಲ್ಲಿನಲ್ಲಿ ಮುದ್ರಿಸಬೇಕು.

ನಿರ್ಧಾರದ ಕ್ರಮ

ಮೇಲಿನ ವಿವೇಚನೆಯನ್ನು ಹೀಗೆ ಕ್ರೋಡೀಕರಿಸಬಹುದು:

1. ಮುಂದಿನ ಮೂರು ವರ್ಷಗಳಲ್ಲಿ ಲಿಖಿತವಾಗಿ ಖಚಿತವಾಗಿರುವ ನಗಗಳ ಸಂಖ್ಯೆಯನ್ನು ಬರೆದುಕೊಳ್ಳಬೇಕು. ಆಸೆಯ ಸಂಖ್ಯೆಯನ್ನು ಸೇರಿಸಬಾರದು.

2. ಬೇಕಾದ ಪ್ಲಾಸ್ಟಿಕ್ ಮೋಲ್ಡಿಂಗ್‌ಗೆ ಒಗ್ಗುವುದೇ, ಗೋಡೆ ತೆಳುವೇ ಎಂಬುದನ್ನು ನೋಡಬೇಕು. ಒಗ್ಗದಿದ್ದರೆ ಲೆಕ್ಕದ ಅಗತ್ಯವೇ ಇಲ್ಲ. ಮಷಿನಿಂಗ್ ಒಂದೇ ದಾರಿ.

3. ಎರಡೂ ವಿಧಾನಗಳ ದರಪಟ್ಟಿ ತರಿಸಿ, ಅಚ್ಚಿಗೆ ಬಡ್ಡಿಯನ್ನೂ ಮಷಿನಿಂಗ್‌ಗೆ ಚೂರಿನ ನಷ್ಟವನ್ನೂ ಸೇರಿಸಿ ಸಮತೋಲನ ಬಿಂದುವನ್ನು ಕಂಡುಕೊಳ್ಳಬೇಕು.

4. ಖಚಿತ ಬೇಡಿಕೆ ಆ ಬಿಂದುವಿಗಿಂತ ಕಡಿಮೆಯಿದ್ದರೆ ಮಷಿನಿಂಗ್ ಆರಿಸಬೇಕು. ಸ್ಪಷ್ಟವಾಗಿ ಹೆಚ್ಚಿದ್ದರೆ ಅಚ್ಚು ಮಾಡಿಸಬೇಕು. ಸಮೀಪದಲ್ಲಿದ್ದರೆ ಮೊದಲ ವರ್ಷ ಮಷಿನಿಂಗ್ ಮಾಡಿ, ನಕ್ಷೆಯೂ ಬೇಡಿಕೆಯೂ ಸ್ಥಿರವಾದ ಮೇಲೆ ಅಚ್ಚಿಗೆ ಕೈಹಾಕುವುದು ವಿವೇಕ.

5. ತಾಂತ್ರಿಕ ಸಂದೇಹಗಳಿಗೆ ಬೆಳಗಾವಿ, ಹುಬ್ಬಳ್ಳಿ, ಕಲಬುರಗಿಗಳಲ್ಲಿರುವ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರಗಳನ್ನೂ, ಪ್ಲಾಸ್ಟಿಕಿನ ಗುಣಪರೀಕ್ಷೆಗೆ ಮೈಸೂರಿನ ಸಿಪೆಟ್ ಸಂಸ್ಥೆಯನ್ನೂ ಸಂಪರ್ಕಿಸಬಹುದು.

ಒಟ್ಟಿನಲ್ಲಿ, ಒಂದೇ ಅಳತೆಯ ಬೇಡಿಕೆ ನೂರಾರರಲ್ಲಿಯೇ ಉಳಿಯುವ ಈ ಭಾಗದ ಉದ್ಯಮಿಗೆ ಮಷಿನಿಂಗ್ ಹಳೆಯ ಅಥವಾ ದುಬಾರಿ ವಿಧಾನವಲ್ಲ. ಬಂಡವಾಳವನ್ನು ಕೈಯಲ್ಲಿ ಉಳಿಸಿಕೊಂಡು ಮಾರುಕಟ್ಟೆಯನ್ನು ಅರಿಯುವ ವಿಧಾನ. ಅಚ್ಚಿಗೆ ಹಣ ಹಾಕುವ ಮುನ್ನ ಒಂದು ಹಾಳೆಯ ಮೇಲೆ ಸಮತೋಲನ ಬಿಂದುವನ್ನು ಬರೆದು ನೋಡುವ ಅಭ್ಯಾಸ ಬೆಳೆದರೆ, ಅನೇಕ ಸಣ್ಣ ಘಟಕಗಳು ಅನಗತ್ಯ ಸಾಲದಿಂದ ದೂರ ಉಳಿಯಬಲ್ಲವು.